ಹುಬ್ಬುಗಳ ನಡುವಿನ ವಿಭೂತಿ

ಗೋಕಾಕದ ಕನ್ನಡ ಶಾಲೆಯೊಂದರಲ್ಲಿ ಯಲ್ಲಪ್ಪ ಮಾಸ್ತರರು ಇಪ್ಪತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತ ಬಂದಿದ್ದರು; ಆ ಇಪ್ಪತ್ತೊಂಬತ್ತು ವರ್ಷವೂ ಪುಸ್ತಕದಲ್ಲಿಲ್ಲದ ಒಂದು ಪರೀಕ್ಷೆಯನ್ನು ತಪ್ಪದೆ ನಡೆಸಿದ್ದರು. ಯಾರದಾದರೂ ಪಾಟಿ ಕಳೆಯಿತೆಂದರೆ ಹುಡುಗರನ್ನು ಸಾಲಾಗಿ ನಿಲ್ಲಿಸುವರು. ಒಬ್ಬೊಬ್ಬನ ಎದುರಿಗೂ ಬಂದು ನಿಂತು, "ನನ್ನ ಕಣ್ಣಾಗ ಕಣ್ಣಿಟ್ಟ ಹೇಳು, ತಗೊಂಡೀಯೋ ಇಲ್ಲೋ?" ಎಂದು ಕೇಳುವರು. ಕಣ್ಣು ಕೆಳಗಿಳಿದವನ ಅಂಗೈಗೆ ಛಡಿ ಬೀಳುವುದು. ಸುಳ್ಳಿಗೆ ನಾಲಗೆ ಉಂಟು, ಕಣ್ಣಿಲ್ಲ ಎಂದು ಅವರು ಹೇಳುತ್ತಿದ್ದರು. ಕೇರಿಯ ಹುಡುಗರನ್ನು ಬೇರೆ ಕೂಡಿಸಿರೆಂದು ಹೇಳಬಂದ ಊರ ಹಿರಿಯರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ ಮನುಷ್ಯ ಅವರು. ಎಲ್ಲರಿಗೂ ಒಂದೇ ಚಾಪೆ, ಎಲ್ಲರಿಗೂ ಒಂದೇ ಛಡಿ ಎಂಬುದು ಅವರ ಹೆಮ್ಮೆಯಾಗಿತ್ತು.

೧೯೫೮ರ ನಾಗರ ಅಮಾವಾಸ್ಯೆಯ ಬೆಳಿಗ್ಗೆ ಆ ಪರೀಕ್ಷೆ ಅವರ ಮನೆಯೊಳಗೇ ನಡೆಯಿತು.

ಶ್ರಾವಣ ಹೊಗುವ ಮುನ್ನ ದೇವರ ಮಾಡದೊಳಗಿನ ಬೆಳ್ಳಿಯ ಸಾಮಾನಿಗೆ ವಿಭೂತಿ ಹಚ್ಚಿ ತಿಕ್ಕುವುದು ಆ ಮನೆಯ ರೂಢಿ. ಅಂದು ಕೆಂಪು ವಸ್ತ್ರ ಬಿಚ್ಚಿದರೆ ಮಾಸ್ತರರ ತಂದೆಯ ಕರಡಿಗೆ ಅದರಲ್ಲಿ ಇರಲಿಲ್ಲ. ತಂದೆ ಲಿಂಗೈಕ್ಯರಾದಾಗ ಅವರ ಇಷ್ಟಲಿಂಗ ಅವರೊಂದಿಗೇ ಮಣ್ಣು ಸೇರಿತ್ತು. ಅದನ್ನಿಟ್ಟು ಎದೆಗೆ ಕಟ್ಟಿಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಮಾತ್ರ ಮನೆಯಲ್ಲಿ ಉಳಿದಿತ್ತು. ಮೂಲೆ ಮೂಲೆ ಹುಡುಕಿದ ಮೇಲೆ ಮಾಸ್ತರರು ಪಡಸಾಲೆಯ ನಡುವೆ ನಿಂತು ಎಲ್ಲರನ್ನೂ ಕರೆದರು.

ಮೊದಲು ತಾಯಿ ಬಾಳವ್ವ ಗೋಡೆ ಹಿಡಿದುಕೊಂಡು ಬಂದಳು. "ನನ್ನ ಕಣ್ಣಾಗ ಏನ ನೋಡ್ತೀಯೋ ಯಲ್ಲಪ್ಪಾ? ಎರಡಕ್ಕೂ ಪೊರಿ ಬಂದೈತಿ. ನಿನ್ನ ಮಾರಿ ನೋಡದ ಮೂರ ವರ್ಷಾತು, ಸುಖದಾಗ ಅದೇನಿ."

ಹೆಂಡತಿ ಚನ್ನವ್ವ ಕೈ ಒರೆಸಿಕೊಳ್ಳುತ್ತ ಬಂದಳು. "ಮನಿ ಅಂದ್ರ ಸಾಲಿ ಅಲ್ರಿ," ಎಂದಳು. ಆದರೂ ಗಂಡನನ್ನು ನೋಡಿ ಇಲ್ಲವೆಂದಳು.

ಮಗ ಸೋಮಪ್ಪ ಹತ್ತಿ ವ್ಯಾಪಾರಿಯೊಬ್ಬರ ಅಡತಿ ಅಂಗಡಿಯಲ್ಲಿ ಗುಮಾಸ್ತ. ಇಪ್ಪತ್ತೈದರ ಪ್ರಾಯ. ಅವನು ತಂದೆಯ ಎದುರು ನೆಟ್ಟಗೆ ನಿಂತು, ರೆಪ್ಪೆ ಬಡಿಯದೆ, "ಇಲ್ರಿ ಅಪ್ಪಾರ," ಎಂದ. ಮಾಸ್ತರರಿಗೆ ಮಗನ ಮೇಲೆ ಅಭಿಮಾನ ಮೂಡಿತು.

ಕೊನೆಗೆ ಸೊಸೆ ಕಾಶೆವ್ವ. ಮೂಡಲಗಿಯವಳು; ಮದುವೆಯಾಗಿ ಒಂದು ವರ್ಷ ಮೂರು ತಿಂಗಳಾಗಿತ್ತು. ಸೆರಗು ಹಣೆಯ ತನಕ ಎಳೆದುಕೊಂಡು ಬಂದು ನೆಲ ನೋಡುತ್ತ ನಿಂತಳು.

"ತಲಿ ಎತ್ತವಾ. ನನ್ನ ನೋಡಿ ಹೇಳು."

"ನಾ ತಗೊಂಡಿಲ್ರಿ ಮಾವಾರ," ಎಂದು ಅವಳು ನೆಲಕ್ಕೆ ಹೇಳಿದಳು.

"ನೆಲಕ್ಕಲ್ಲ. ನನಗ ಹೇಳು."

ಅವಳ ಕುತ್ತಿಗೆ ಇನ್ನೂ ಬಾಗಿತು. ಹೆಪ್ಪಿಗೆ ಮಜ್ಜಿಗೆ ಕೇಳಲು ವಾಟಗ ಹಿಡಿದುಕೊಂಡು ಬಂದ ನೆರೆಮನೆಯ ಶೆಟ್ಟೆವ್ವ ಹೊಸ್ತಿಲಲ್ಲಿಯೇ ನಿಂತುಬಿಟ್ಟಿದ್ದಳು. ಮಾಸ್ತರರು ಮೂರನೆಯ ಸಲ ಕೇಳಿದರು. ಸೊಸೆಯ ಕಣ್ಣು ಮೇಲೇಳಲಿಲ್ಲ. ಕಾಲ ಹೆಬ್ಬೆರಳು ಮಾತ್ರ ನೆಲ ಒತ್ತಿತು.

"ತಿಳೀತು," ಎಂದರು ಮಾಸ್ತರರು, ಶೆಟ್ಟೆವ್ವನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. "ತುಡುಗ ಮಾಡಿದವರು ಯಾರಂತ ತಿಳೀತು."

ನಿನ್ನೆಯವರೆಗೆ ಇದೇ ಮಾಸ್ತರರು ಬಂದ ನೆಂಟರಿಗೆಲ್ಲ, ನಮ್ಮ ಸೊಸಿ ಮನಿಗೆ ಬಂದಾಗಿಂದ ನನ್ನ ಮಾರಿ ತಲಿ ಎತ್ತಿ ನೋಡಿಲ್ಲ, ಮೂಡಲಗಿ ಮಂದಿ ಸಂಸ್ಕಾರ ಅಂದ್ರ ಅದು, ಎಂದು ಹೇಳಿಕೊಂಡಿದ್ದರು.

ಅಂದು ಮಧ್ಯಾಹ್ನ ತಾಟಿನ ಮುಂದೆ ಕುಳಿತವರು, "ಆಕಿ ಬಡದ ರೊಟ್ಟಿ ನನಗ ಬ್ಯಾಡ," ಎಂದು ಎದ್ದರು. ಮರುದಿನದಿಂದ ಚನ್ನವ್ವ ಮೊಣಕಾಲ ನೋವಿನಲ್ಲಿಯೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಕಾಶೆವ್ವನಿಗೆ ನೀರು ತರುವುದು, ಭಾಂಡೆ ತಿಕ್ಕುವುದು, ದನದ ಕಸ ತೆಗೆಯುವುದು ಉಳಿದವು. ಮಾಡದ ಹತ್ತಿರ ಹೋಗಬಾರದೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳೇ ಹೋಗಲಿಲ್ಲ. ಸೋಮಪ್ಪ ಎರಡೂ ಹೊತ್ತು ತಾಯಿಯ ರೊಟ್ಟಿ ತಿಂದು ಅಂಗಡಿಗೆ ಹೋಗಿ ಬಂದ.

"ಯಲ್ಲಪ್ಪಾ," ಎಂದಳು ಬಾಳವ್ವ ಒಂದು ಸಂಜೆ, ಎಲೆ ಅಡಿಕೆ ಕುಟ್ಟುತ್ತ. "ಆ ಹುಡುಗಿ ನಿನ್ನ ನೆಟ್ಟಗ ನೋಡಿದ್ದ್ರ ಗಯ್ಯಾಳಿ ಅಂತಿದ್ದಿ. ನೋಡಲಿಲ್ಲ ಅಂದ್ರ ತುಡುಗಿ ಅಂತಿ. ಕಣ್ಣ ಎಲ್ಲಿ ಇಡಬೇಕೋ ಆಕಿ?"

"ನಿನಗ ತಿಳಿಯೂದಿಲ್ಲ ಬಿಡವಾ. ನಾ ಸಾವಿರ ಹುಡುಗರ ಕಣ್ಣ ನೋಡೇನಿ."

"ನೋಡಿರಬೇಕು. ಸಾವಿರ ಹುಡುಗರು ನಿನಗ ಏನ ತೋರಿಸ್ಯಾರೋ, ಅದನ್ನ ನೋಡಿ."

ಹಿತ್ತಲಲ್ಲಿ ಕಾಶೆವ್ವ ಗಂಡನಿಗೆ ಹೇಳುವುದು ಕಿಟಕಿಯೊಳಗಿಂದ ಕೇಳಿತು. "ನೀವರೆ ಒಂದ ಮಾತ ಹೇಳ್ರಿ. ನಾ ಅಂಥಾಕಿ ಅಲ್ಲಂತ ಹೇಳ್ರಿ."

"ಅಪ್ಪಾರ ಮುಂದ ಯಾರ ಮಾತಾಡ್ಯಾರು? ನಾಕ ದಿನ ತಡಿ, ತಣ್ಣಗ ಆಗತಾರ," ಎಂದ ಸೋಮಪ್ಪ.

ತಂದೆಗೆ ಎದುರಾಡದ ಮಗ ಎಂದು ಮಾಸ್ತರರು ಆಗಲೂ ಸಮಾಧಾನಪಟ್ಟರು.

ಪಂಚಮಿಯ ಹಿಂದಿನ ದಿನ ಮಗಳನ್ನು ಹಬ್ಬಕ್ಕೆ ಕರೆದೊಯ್ಯಲು ಕಾಶೆವ್ವನ ತಂದೆ ಗುಡ್ಡಪ್ಪ ಮೂಡಲಗಿಯಿಂದ ಬಸ್ಸಿನಲ್ಲಿ ಬಂದ. ಶೇಂಗಾದ ಉಂಡಿ, ಎಳ್ಳುಂಡಿಗಳ ಗಂಟು ತಂದಿದ್ದ. ಮಾಸ್ತರರು ಗಂಟು ಮುಟ್ಟಲಿಲ್ಲ.

"ಕರಕೊಂಡ ಹೋಗ್ರಿ ಬೀಗರ. ನಾವು ಹೇಳಿ ಕಳಸೂತನಕ ಅಲ್ಲೇ ಇರಲಿ."

"ಯಾಕ್ರಿ, ಏನಾತು?"

ಮಾಸ್ತರರು ಹೇಳಿದರು. ಕರಡಿಗೆಯ ತೂಕ, ತಂದೆಯ ಹೆಸರು, ಮೂರು ಸಲ ಕೇಳಿದ್ದು, ಮೂರು ಸಲವೂ ಕಣ್ಣು ಏಳದಿದ್ದದ್ದು, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಸ್ಪಷ್ಟವಾಗಿ ಹೇಳಿದರು. ಗುಡ್ಡಪ್ಪ ಆಗ ಬಾಗಿ, ಬಿಚ್ಚಿದ ಗಂಟನ್ನು ಮತ್ತೆ ಕಟ್ಟುತ್ತಿದ್ದ. ಮಗಳು ಅವನ ಬೆನ್ನ ಹಿಂದೆ ನಿಂತಿದ್ದಳು.

"ತಗೊಂಡೀಯೇನವಾ?" ಎಂದು ಗಂಟಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದ.

"ಇಲ್ಲಪ್ಪ."

"ಹಂಗಾದ್ರ ನಡಿ."

ಅವನು ತಿರುಗಿ ಅವಳ ಮುಖವನ್ನೂ ನೋಡಲಿಲ್ಲ. ಇಂಥ ಬೇಜವಾಬ್ದಾರಿಯಿಂದಲೇ ಮಕ್ಕಳು ಕೆಡುವುದೆಂದು ಮಾಸ್ತರರು ಅಂದು ಚನ್ನವ್ವನಿಗೆ ವಿವರಿಸಿದರು. ಚನ್ನವ್ವ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದಳು.

ಶ್ರಾವಣದ ಮೂರು ವಾರ ಕಳೆದವು. ಬಾವಿಯ ನೀರು ತರಲು ಕೂಲಿಗೆ ಅಲ್ಲವ್ವ ಎಂಬ ಮುದುಕಿಯನ್ನು ಗೊತ್ತು ಮಾಡಿದರು. ರೊಟ್ಟಿ ದಪ್ಪಗಾದವು, ಕೆಲವು ದಿನ ಹೊತ್ತಿದವು. ಓಣಿಯಲ್ಲಿ ಶೆಟ್ಟೆವ್ವ ಹಚ್ಚಿದ ಸುದ್ದಿ ಅರಭಾವಿಯ ನೆಂಟರ ಮನೆಯ ತನಕ ಮುಟ್ಟಿತು. ಮೂಡಲಗಿಯ ಗುಡ್ಡಪ್ಪನ ಕಿರಿಯ ಮಗಳಿಗೆ ಬಂದಿದ್ದ ವರ, ಅಕ್ಕನ ಸುದ್ದಿ ಕೇಳಿ ಹಿಂದೆ ಸರಿದನೆಂದೂ ಗೊತ್ತಾಯಿತು.

ಶಾಲೆಗೆ ರಜೆಯಿದ್ದ ನಾಲ್ಕನೆಯ ಸೋಮವಾರ ಹುಕ್ಕೇರಿಯಿಂದ ಸತ್ಯಪ್ಪ ಪತ್ತಾರ ಬಂದ. ಬೆಳ್ಳಿ ಬಂಗಾರದ ಕೆಲಸದವನು, ಮಾಸ್ತರರ ಹಳೆಯ ವಿದ್ಯಾರ್ಥಿ. ಕಾಲಿಗೆರಗಿ ಎದ್ದು, ಅಂಗಿಯ ಒಳಕಿಸೆಯಿಂದ ಅರಿವೆಯ ಸುರುಳಿ ತೆಗೆದು ಬಿಚ್ಚಿದ. ಕರಡಿಗೆ.

"ಇದು ನಿಮ್ಮ ಮನೀದಲ್ರಿ? ತಳದಾಗ ನಿಮ್ಮ ತಂದೀವರ ಹೆಸರ ಕೊರದೈತಿ."

"ನಿನಗೆಲ್ಲಿ ಸಿಕ್ತೋ?"

"ನಿಮ್ಮ ಸೋಮಪ್ಪ ಕೊಟ್ಟನ್ರಿ, ಹುಕ್ಕೇರಿ ಸಂತಿಗೆ ಬಂದಾಗ. ಅಪ್ಪಾರ ಮಾರಾಕ ಕಳಿಸ್ಯಾರ ಅಂದ. ರೊಕ್ಕಾ ಕೊಟ್ಟೆ. ನಿನ್ನೆ ಕರಗಸಾಕಂತ ಕುಂತೆ, ಹೆಸರ ಕಂಡ್ತು, ಕೈ ಬರಲಿಲ್ಲ."

ಮಾಸ್ತರರು ಕರಡಿಗೆ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. "ಅಂವ ಅಂದದ್ದ ನಂಬಿದ್ಯಾ?"

"ಕಣ್ಣಾಗ ಕಣ್ಣಿಟ್ಟ ಹೇಳಿದನ್ರಿ. ಅದರಾಗ ನಿಮ್ಮ ಮಗ." ಸತ್ಯಪ್ಪ ನಕ್ಕ, ನಗು ಅರ್ಧಕ್ಕೆ ನಿಂತಿತು. "ಆಮ್ಯಾಲ ಲಕ್ಷ್ಯಕ್ಕ ಬಂತು. ಅಂವ ನನ್ನ ಕಣ್ಣ ನೋಡಿರಲಿಲ್ಲ. ಹುಬ್ಬಿನ ನಡಕ ನೋಡಿದ್ದ."

"ಅಂದ್ರ?"

"ನಿಮಗ ಗೊತ್ತಿಲ್ಲೇನ್ರಿ?" ಪತ್ತಾರ ನಿಜವಾಗಿಯೂ ಆಶ್ಚರ್ಯಪಟ್ಟ. "ಸಾಲ್ಯಾಗ ಎಲ್ಲಾರಿಗೂ ಗೊತ್ತಿತ್ರಿ. ನಿಮ್ಮ ಕಣ್ಣ ನೋಡಿದ್ರ ಹೆದರಿಕಿ ಬರತಿತ್ತು. ಹುಬ್ಬಿನ ನಡಕ ವಿಭೂತಿ ಬಟ್ಟ ಇಡ್ತೀರಲ್ಲ, ಅದನ್ನ ನೋಡ್ಕೊಂತ ನಿಂತ್ರ ನಿಮಗ ಕಣ್ಣ ನೋಡಿದಂಗ ಕಾಣತಿತ್ತು. ದೊಡ್ಡ ಹುಡುಗರು ಸಣ್ಣವರಿಗೆ ಮೊದಲನೇ ದಿನಾನ ಹೇಳಿಕೊಡ್ತಿದ್ರು, ಅಕ್ಷರಾ ಕಲಿಯೂಕಿಂತ ಮೊದಲ."

"ನೀನೂ ಹಂಗ ಮಾಡೀಯೇನು?"

"ನಾ ಎರಡ ಪಾಟಿ, ಒಂದ ಟೊಪಿಗಿ ತುಡುಗ ಮಾಡೇನ್ರಿ. ಒಮ್ಮೀನೂ ಸಿಕ್ಕಿಲ್ಲ."

"ಹಂಗಾದ್ರ ಛಡಿ ತಿಂದವರು ಯಾರೋ?"

"ಅದನ್ನ ಕಲೀದವರ್ರಿ. ಕೇರಿಯ ದುರ್ಗಪ್ಪ ಇದ್ನಲ್ರಿ, ನನ್ನ ಬಾಜೂಕ ಕೂಡತಿದ್ದ. ಮ್ಯಾಲಿನ ಮಂದೀನ ದಿಟ್ಟಿಸಿ ನೋಡಬ್ಯಾಡಂತ ಅವರವ್ವ ಹೇಳಿದ್ದಳಂತ. ನಾವೂ ಹೇಳಿಕೊಟ್ಟ್ವಿ, ವಿಭೂತಿ ನೋಡೋ ಅಂತ. ಅಂವನ ಕಡಿಂದ ಆಗಲಿಲ್ಲ. ನನ್ನ ಟೊಪಿಗಿ ಛಡೀನೂ ಅಂವನ ತಿಂದ. ಆ ಮರದಿನಾನ ಸಾಲಿ ಬಿಟ್ಟ."

"ಈಗೆಲ್ಲಿ ಅದಾನ?"

"ಯಾರಿಗ್ಗೊತ್ರಿ. ಧೂಪದಾಳದ ಕಡೆ ಕಾಲುವಿ ಕೆಲಸಕ್ಕ ಹೋದ ಅಂತಿದ್ರು. ಹದಿನೈದ ವರ್ಷದ ಮಾತು."

ಪತ್ತಾರ ಚಹಾ ಕುಡಿದು ಹೋದ. ಅವನು ಕೊಟ್ಟಿದ್ದ ಹಣವನ್ನು ಮಾಸ್ತರರು ಪಗಾರದಿಂದ ಎತ್ತಿಟ್ಟದ್ದರಲ್ಲಿ ಕೊಟ್ಟು ಕಳಿಸಿದರು. ಆಮೇಲೆ ಸಂಜೆಯವರೆಗೂ ಪಡಸಾಲೆಯಿಂದ ಏಳಲಿಲ್ಲ. ಒಂದೇ ಚಾಪೆ, ಒಂದೇ ಛಡಿ: ಚಾಪೆಯ ಮೇಲೆ ಎಲ್ಲರೂ ಕುಳಿತಿದ್ದರು, ನಿಜ. ಛಡಿ ಮಾತ್ರ ಇಪ್ಪತ್ತೊಂಬತ್ತು ವರ್ಷ ಕಳ್ಳರನ್ನು ಬಿಟ್ಟು, ಹಿರಿಯರ ಮುಂದೆ ತಲೆ ಎತ್ತಬಾರದೆಂದು ಕಲಿತು ಬಂದವರ ಕೈಗಳನ್ನೇ ಹುಡುಕಿಕೊಂಡು ಹೋಗಿತ್ತು.

ಸೋಮಪ್ಪ ಅಂಗಡಿಯಿಂದ ಬಂದು ಊಟಕ್ಕೆ ಕುಳಿತ. ಮಾಸ್ತರರು ಕರಡಿಗೆಯನ್ನು ಅವನ ತಾಟಿನ ಪಕ್ಕದಲ್ಲಿಟ್ಟರು.

"ಇದು ಹ್ಯಾಂಗ ಹುಕ್ಕೇರಿಗೆ ಹೋತು?"

ಸೋಮಪ್ಪ ತಲೆ ಎತ್ತಿದ. ನೋಟ ಎಂದಿನಂತೆ ಸ್ಥಿರವಾಗಿತ್ತು. "ನನಗೇನ ಗೊತ್ರಿ ಅಪ್ಪಾರ."

ಮಾಸ್ತರರು ಹೆಗಲ ಮೇಲಿನ ವಲ್ಲಿಯನ್ನು ತೆಗೆದು, ಹುಬ್ಬುಗಳ ನಡುವಿನ ವಿಭೂತಿಯನ್ನು ಒರೆಸಿಕೊಂಡರು. "ಈಗ ನೋಡಿ ಹೇಳು."

ನೋಡುವುದಕ್ಕೆ ಇದ್ದ ಬಿಳಿಯ ಚುಕ್ಕೆ ಹೋಗಿತ್ತು. ಸೋಮಪ್ಪನ ಕಣ್ಣುಗಳು ಒಂದು ಗಳಿಗೆ ತಂದೆಯ ಹಣೆಯ ಮೇಲೆ ತಡಕಾಡಿ, ಜಾರಿ ತಾಟಿಗೆ ಬಿದ್ದವು.

"ಪೇಟಿ ತಗೊಂಡೇನ್ರಿ," ಎಂದ. ಹಾರ್ಮೋನಿಯಂ. "ಹಾಡಾಕ. ನಿಮಗ ಕೇಳಿದ್ರ ಬ್ಯಾಡ ಅಂತಿದ್ರಿ. ಗೆಳೆಯಾನ ಮನ್ಯಾಗ ಇಟ್ಟೇನಿ."

"ನಿನ್ನ ಹೇಣತೀ ಮ್ಯಾಲ ತುಡುಗ ಹೊರಸಿದಾಗ ಬಾಯಿಗೆ ಏನಾಗಿತ್ತು?"

"ಹೆದರಿಕಿ ಆಗಿತ್ರಿ."

"ಹೆದರಿಕಿ ಅವನಿಗೆ, ಹೆಸರ ಕೆಟ್ಟದ್ದ ಆಕೀಗೆ," ಎಂದಳು ಬಾಳವ್ವ ಮೂಲೆಯಿಂದ. "ಚಲೋ ಪಾಲ ಮಾಡ್ಕೊಂಡೀರಿ."

ಚನ್ನವ್ವ ಸಾರಿನ ಸವುಟು ಹಿಡಿದು ನಿಂತೇ ಇದ್ದಳು. ಅವಳು ಬೆರಗಾಗಲಿಲ್ಲವೆಂಬುದು ಮಾಸ್ತರರಿಗೆ ತಡವಾಗಿ ಹೊಳೆಯಿತು. "ನಿನಗ ಗೊತ್ತಿತ್ತೇನು?"

"ಎಂಟ ದಿನಾತ್ರಿ. ಅಂವನ ಬಂದು ಅತ್ತ."

"ಎಂಟ ದಿನ ನನ್ನ ಮುಂದ ಬಡಿಸೀದಿ. ನನಗ ತಿಳೀಲಿಲ್ಲಲ್ಲ."

"ನೀವು ನನ್ನ ಮಾರಿ ನೋಡಿ ಎಷ್ಟ ವರ್ಷಾತ್ರಿ? ಊಟಕ್ಕ ಕುಂತ್ರ ನೀವು ನೋಡೂದು ತಾಟ." ಅವಳು ಸವುಟು ಕೆಳಗಿಟ್ಟಳು. ಸ್ವಲ್ಪ ತಗ್ಗಿದ ದನಿಯಲ್ಲಿ, "ಆದದ್ದಾತು. ಜ್ವಾಳದ ಚೀಲದ ಹಿಂದ ಬಿದ್ದಿತ್ತು, ಸಿಕ್ತು ಅಂತ ಬೀಗರಿಗೆ ಒಂದ ಕಾರ್ಡ ಹಾಕ್ರಿ. ಆಕೀನೂ ಬರತಾಳ, ನಮ್ಮ ಹುಡುಗನ ಮಾನಾನೂ ಉಳೀತೈತಿ. ಅಂಗಡಿಯವರಿಗೆ ತಿಳದ್ರ ಇವನ ಕೆಲಸ ಇರತೈತೇನ್ರಿ?"

"ನಾ ಸುಳ್ಳ ಬರೀಲೇನು?"

"ಮತ್ತ ಖರೆ ಬರೀರಿ. ಮಗ ಕಳ್ಳ, ನಾ ಕುರಡ ಅಂತ ಬರೀರಿ."

ಅವರು ಖರೆ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ, ಮುದ್ದಾದ ಅಕ್ಷರಗಳಲ್ಲಿ, ಕರಡಿಗೆಯು ಜೋಳದ ಚೀಲದ ಹಿಂದೆ ದೊರೆಯಿತೆಂದೂ, ಸೊಸೆಯನ್ನು ಗಣೇಶ ಚೌತಿಗೆ ಮೊದಲೇ ಕರೆತರಬೇಕೆಂದೂ ಎರಡು ಸಾಲು ಬರೆದು ಅಂಚೆಗೆ ಹಾಕಿದರು. ಕಾರ್ಡು ಯಾರ ಮುಖವನ್ನೂ ನೋಡಿ ಮಾತಾಡಬೇಕಾಗಿರಲಿಲ್ಲ. ದುರ್ಗಪ್ಪನಿಗೆ ಕೂಡ ಒಂದು ಕಾರ್ಡು ತೆಗೆದಿಟ್ಟುಕೊಂಡಿದ್ದರು. ಅದಕ್ಕೆ ವಿಳಾಸವಿರಲಿಲ್ಲ, ಏನು ಬರೆಯಬೇಕೆಂಬುದೂ ತಿಳಿಯಲಿಲ್ಲ.

ಐದನೆಯ ದಿನ ಗುಡ್ಡಪ್ಪ ಮಗಳನ್ನು ಕರೆತಂದ. ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಕಾಶೆವ್ವ ಸೊರಗಿದ್ದಳು, ಆದರೆ ಹೆಜ್ಜೆ ಹಗುರವಾಗಿತ್ತು. ಬಸ್‌ನಿಲ್ದಾಣದಿಂದ ಬರುವಾಗ ಓಣಿಯಲ್ಲಿ ಕಂಡವರಿಗೆಲ್ಲ ಗುಡ್ಡಪ್ಪ, ಸಿಕ್ಕಿತಂತ್ರಿ, ಮನ್ಯಾಗ ಇತ್ತಂತ್ರಿ, ಎಂದು ಹೇಳಿಕೊಂಡೇ ಬಂದಿದ್ದ. ಅದನ್ನು ಪೂರ್ತಿ ಕೇಳಲು ಶೆಟ್ಟೆವ್ವ ಈ ಸಲ ವಾಟಗವೂ ಇಲ್ಲದೆ ಬಂದಿದ್ದಳು.

ಕಾಶೆವ್ವ ಮಾವನ ಕಾಲಿಗೆರಗಿದಳು. ಮಾಸ್ತರರು ಹರಸಲು ಕೈ ಎತ್ತಿದರು. ಹಾಗೆಯೇ ಇಳಿಸಿದರು. ಅವಳು ಎದ್ದು ನಿಂತಳು. ಅವರು ಅವಳ ಕಾಲುಂಗುರ ನೋಡುತ್ತಿದ್ದರು. ಸೋಮಪ್ಪ ಕಂಬ ನೋಡುತ್ತಿದ್ದ. ಚನ್ನವ್ವ ಗುಡ್ಡಪ್ಪ ತಂದ ಉಂಡಿಯ ಡಬ್ಬಿ ನೋಡುತ್ತಿದ್ದಳು. ಯಾರೂ ತನ್ನ ಮುಖ ನೋಡುತ್ತಿಲ್ಲವೆಂಬುದು ಅವಳಿಗೆ ತಿಳಿಯಿತು. ಏಕೆಂಬುದನ್ನು ತಿಳಿಯಲು, ಆ ಮನೆಗೆ ಬಂದ ಮೇಲೆ ಮೊದಲ ಸಲ, ಕಾಶೆವ್ವ ಮಾವನ ಮುಖದತ್ತ ಕಣ್ಣೆತ್ತಿದಳು.

"ಮಾವಾರ, ಕರಡಿಗಿ ಖರೇನ ಚೀಲದ ಹಿಂದ ಸಿಕ್ತೇನ್ರಿ?"

"ಹೌದವಾ," ಎಂದರು ಮಾಸ್ತರರು ನೆಲಕ್ಕೆ.

"ನೆಲಕ್ಕಲ್ರಿ. ನನಗ ಹೇಳ್ರಿ."

ಅವಳು ಅಣಕಿಸಲಿಲ್ಲ. ಮೆಲ್ಲಗೆ, ಅಂದು ತಾನು ಕೇಳಿದ್ದನ್ನು ನೆನಪಿಟ್ಟುಕೊಂಡವಳಂತೆ ಕೇಳಿದಳು. ಮಾಸ್ತರರು ಮೂರು ಸಲ ಕೇಳಿದ್ದರು. ಅವಳಿಗೆ ಒಂದೇ ಸಲ ಸಾಕಾಯಿತು.

"ಇಲ್ಲ," ಎಂದರು ಅವರು. "ಸೋಮಪ್ಪ ಅದನ್ನ ಮಾರಿ ಹಾಡಾಕ ಪೇಟಿ ತಗೊಂಡಾನ."

ಗುಡ್ಡಪ್ಪ ಹೊಸ್ತಿಲ ಹತ್ತಿರ ಕುಳಿತಿದ್ದವನು ಎದ್ದ. "ಬೀಗರ, ಆವತ್ತ ನನ್ನ ಮಗಳ ಹೆಸರ ಹೇಳುವಾಗ ನಿಮ್ಮ ದನಿ ದೊಡ್ಡದಿತ್ತಂತ. ಈಗಿಂದು ಶೆಟ್ಟೆವ್ವಗ ಕೇಳಿಲ್ಲ. ಇನ್ನೊಮ್ಮಿ ಹೇಳ್ರಿ."

"ಮನಿ ಮಾತ ಮನ್ಯಾಗ ಇರಲ್ರಿ, ಅಣ್ಣಾರ," ಎಂದಳು ಚನ್ನವ್ವ.

"ನನ್ನ ಮಗಳ ಮಾತೂ ಮನ್ಯಾಗ ಇದ್ದಿದ್ದ್ರ, ಇರಲಿ ಅಂತಿದ್ದೆ. ಸಣ್ಣಾಕೀ ಮದುವಿ ತಪ್ಪೇತ್ರಿ."

ಮಾಸ್ತರರು ಬಾಗಿಲಿಗೆ ನಡೆದರು. ಇಪ್ಪತ್ತೊಂಬತ್ತು ವರ್ಷ ಹಿಂದಿನ ಸಾಲಿಗೂ ಕೇಳುವಂತೆ ಪಾಠ ಹೇಳಿದ ಗಂಟಲು ಅದು. "ಕರಡಿಗಿ ತುಡುಗ ಮಾಡಿದಂವ ನನ್ನ ಮಗ," ಎಂದರು. "ಆಕಿ ಮ್ಯಾಲ ಹೊರಸಿದಂವ ನಾನು. ಚೀಲದ ಹಿಂದ ಸಿಕ್ತು ಅಂತ ಸುಳ್ಳ ಬರದಂವನೂ ನಾನ. ಶೆಟ್ಟೆವ್ವಾ, ಹಿಂದ ಎಲ್ಲೆಲ್ಲಿ ಹೇಳೀಯೋ, ಇದನ್ನೂ ಅಲ್ಲೆಲ್ಲಾ ಹೇಳು."

ಶೆಟ್ಟೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಎದುರುಮನೆಯ ಕಟ್ಟೆಯ ಮೇಲೆ ಕುಳಿತಿದ್ದವರು ಇತ್ತಲೇ ತಿರುಗಿ ಕುಳಿತರು.

"ಏನ ಮಾಡ್ತೀಯವಾ?" ಎಂದ ಗುಡ್ಡಪ್ಪ ಮಗಳಿಗೆ. "ಇರ್ತೀಯೋ, ಬರ್ತೀಯೋ?"

ಕಾಶೆವ್ವ ಗಂಡನತ್ತ ತಿರುಗಿದಳು. "ಪೇಟಿ ನಾಳೆ ಮಾರಿ ಬರ್ರಿ. ರೊಕ್ಕಾ ಮಾವಾರ ಕೈಯಾಗ ಕೊಡ್ರಿ. ಮೂಡಲಗಿಗೆ ಹೋಗಿ, ನನ್ನ ತಂಗೀನ ಬ್ಯಾಡ ಅಂದವರ ಮನಿ ಮುಂದ ಮಾವಾರ ಅಂದಂಗ ನೀವೂ ಅಂದ ಬರ್ರಿ. ಅಲ್ಲೀತನಕ ನನ್ನ ಜೋಡಿ ಮಾತ ಬ್ಯಾಡ." ಸೋಮಪ್ಪ ತಲೆಯಾಡಿಸಿದ. ಅವಳು ತಂದೆಗೆ ಹೇಳಿದಳು: "ಇರ್ತೇನಪ್ಪ. ಆದ್ರ ಇನ್ನ ಕೆಳಗ ನೋಡಂಗಿಲ್ಲ. ಕೆಳಗ ನೋಡಿದ್ದಕ್ಕ ಇಷ್ಟೆಲ್ಲಾ ಆತು."

"ನೋಡವಾ, ನೋಡು," ಎಂದಳು ಬಾಳವ್ವ. "ನನ್ನ ಪಾಲಿಂದೂ ನೀನ ನೋಡು."

ಮಧ್ಯಾಹ್ನ ಒಲೆಯ ಮುಂದೆ ಕಾಶೆವ್ವನೇ ಕುಳಿತಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ತೆಳ್ಳಗಿನ ರೊಟ್ಟಿ ಬಡಿಯುವ ಸಪ್ಪಳವಾಯಿತು. ಮಾಸ್ತರರು, ಗುಡ್ಡಪ್ಪ, ಸೋಮಪ್ಪ ಸಾಲಾಗಿ ಊಟಕ್ಕೆ ಕುಳಿತರು. ಬದನೆಕಾಯಿ ಪಲ್ಯ, ಗುರೆಳ್ಳು ಹಿಂಡಿ, ಮೊಸರು. ಕಾಶೆವ್ವ ಹೊಗೆಯಾಡುವ ರೊಟ್ಟಿ ಹಿಡಿದು ಮಾವನ ತಾಟಿನ ಮುಂದೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು, ತಲೆ ಬಾಗಿರಲಿಲ್ಲ.

"ಇನ್ನೊಂದ ರೊಟ್ಟಿ ಹಾಕ್ಲೇನ್ರಿ, ಮಾವಾರ?"

ಮಾಸ್ತರರು ತಾಟಿಗೆ ಕೈ ಅಡ್ಡ ಹಿಡಿದರು. ಅವಳು ಸರಿಯಲಿಲ್ಲ. ಬಾಯಿಮಾತಿನ ಉತ್ತರಕ್ಕಾಗಿ ಅವಳು ಕಾಯುತ್ತಿದ್ದಾಳೆಂದು ತಿಳಿದು ಅವರು ತಲೆ ಎತ್ತಿದರು. ಕಣ್ಣುಗಳು ಅವಳ ಬಳೆಗಳನ್ನು ದಾಟಿದವು, ಗದ್ದ ದಾಟಿದವು, ಅವಳ ಕಣ್ಣುಗಳ ಹತ್ತಿರ ಬಂದು ನಿಲ್ಲಲಾರದೆ ಇನ್ನೂ ಒಂದಿಷ್ಟು ಮೇಲಕ್ಕೆ ಸರಿದು, ಅವಳ ಹುಬ್ಬುಗಳ ನಡುವಿನ ವಿಭೂತಿಯ ಮೇಲೆ ನಿಂತವು.

"ಹಾಕವಾ," ಎಂದರು.

ಕಾಶೆವ್ವ ರೊಟ್ಟಿ ಹಾಕಿ ಮುಂದೆ ಹೋದಳು. ಪಕ್ಕದಲ್ಲಿ ಕುಳಿತಿದ್ದ ಸೋಮಪ್ಪ ತಂದೆ ಎಲ್ಲಿ ನೋಡಿದರೆಂಬುದನ್ನು ಕಂಡಿದ್ದ. ಅವನು ತನ್ನ ತಾಟಿನ ಮೇಲೆ ತಲೆ ತಗ್ಗಿಸಿದ.